ಗಂಗವ್ವನ ಎಮ್ಮೆಗೆ ಖಾರ ಹತ್ತಿದ್ದು

ಆಗ ಬ್ಯಾಡಗಿಯ ನಮ್ಮ ಓಣಿಗೆ ಕಸದ ಗಾಡಿ ಬರುತ್ತಿರಲಿಲ್ಲ. ಗಂಗವ್ವನ ಎಮ್ಮೆ ಇತ್ತು. ಮೂಲೆಯ ತಿಪ್ಪೆಯ ನಾತಕ್ಕೆ ಬೇಸತ್ತ ಹೆಂಗಸರು ತಾವೇ ಮಾಡಿಕೊಂಡ ಕಟ್ಟಳೆ ಅದು. ಕಾಯಿಪಲ್ಲೆ ಸಿಪ್ಪೆ, ಮಿಕ್ಕ ರೊಟ್ಟಿ, ಅಕ್ಕಿ ತೊಳೆದ ನೀರೆಲ್ಲ ಎಮ್ಮೆಯ ಬಾನಿಗೆ. ಕಾಗದ, ಪ್ಲಾಸ್ಟಿಕ್ಕು ರದ್ದಿಯವನಿಗೆ. ಮೆಣಸಿನಕಾಯಿ ಸುಗ್ಗಿಯಲ್ಲಿ ಇನ್ನೊಂದು ಚೀಲ ಬೇಕಾಗುತ್ತಿತ್ತು. ಪಡಸಾಲೆಗಳಲ್ಲೆಲ್ಲ ಕೆಂಪು ರಾಶಿ ಬಿದ್ದಿರುತ್ತಿತ್ತು, ಸೀನುತ್ತಲೇ ತೊಟ್ಟು ಬಿಡಿಸುತ್ತಿದ್ದರು. ಆ ತೊಟ್ಟು, ಬೀಜ ಎಲ್ಲ ಬೇರೆ ಚೀಲಕ್ಕೆ.

ಇದರ ಕಾವಲು ನಮ್ಮ ಅಜ್ಜಿಯದು. ಕಟ್ಟೆಯ ಮೇಲೆ ಕುಳಿತು, ಹಾದುಹೋಗುವ ಪ್ರತಿ ಬಕೆಟ್ಟಿನಲ್ಲೂ ಕೋಲಾಡಿಸುವಳು.

"ಏನವಾ, ಎಮ್ಮಿ ಕ್ಯಾರಿಬ್ಯಾಗ್ ತಿಂತೈತೇನು?"

ಒಂದು ಬೆಳಿಗ್ಗೆ ಎಮ್ಮೆ ಬಾನಿಗೆ ಬಾಯಿ ಹಾಕಿದ್ದೇ ತಲೆ ಕೊಡವಿತು. ಜೊಲ್ಲು ಸುರಿಸುತ್ತ ಬಾನಿ ಉರುಳಿಸಿತು, ಕೆಚ್ಚಲು ಮುಟ್ಟಗೊಡಲಿಲ್ಲ. ಚೆಲ್ಲಿದ ಮುಸುರೆಯ ತುಂಬ ಮೆಣಸಿನ ಬೀಜ. ಗಂಗವ್ವ ಜಗಳಕ್ಕೆ ನಿಲ್ಲಲಿಲ್ಲ.

"ನಾಳಿಂದ ಯಾರ ಮುಸುರಿನೂ ಬ್ಯಾಡ್ರಿ," ಎಂದಳು. "ಮೂಕ ಪ್ರಾಣಿ. ಅದಕ್ಕ ಹೇಳಾಕ ಬರೂದಿಲ್ಲ."

ಅಜ್ಜಿ ಇಡೀ ಓಣಿಯನ್ನು ಬೈದು ಬಂದಳು. ಮನೆಯಲ್ಲಿ ಅವ್ವ ಮೆಲ್ಲಗೆ ಕೇಳಿದಳು, "ನಮ್ಮ ಬಕೆಟ್ ಯಾರ ನೋಡ್ಯಾರ್ರಿ, ಅತ್ತಿ? ನಿನ್ನೆ ಪಡಸಾಲಿ ಕಸ ಉಡುಗಿದವರು ನೀವ."

ಅಜ್ಜಿ ತಂಬಿಗೆ ತುಂಬ ಮಜ್ಜಿಗೆ ಹಿಡಿದು, ನನ್ನನ್ನೂ ಕರೆದುಕೊಂಡು ಗಂಗವ್ವನ ಹಿತ್ತಲಿಗೆ ಹೋದಳು. ಎಮ್ಮೆ ಅದನ್ನು ಕುಡಿದು ಮುಗಿಸುವವರೆಗೂ ಅಲ್ಲಿಂದ ಕದಲಲಿಲ್ಲ.

"ತಪ್ಪು ನಂದ ಐತಿ, ಗಂಗವ್ವಾ."

"ಮಜ್ಜಿಗಿ ಕುಡಿಸಿದ್ರ ಮುಗೀತೇನು, ದೊಡ್ಡವ್ವಾ? ನಾಳಿಂದ ಇಲ್ಲೇ ಬಂದು ಕುಂದರು. ಕೋಲು ಬ್ಯಾಡ, ಕೈ ಹಾಕಿ ನೋಡು."

ಮರುದಿನದಿಂದ ಬಕೆಟ್ಟುಗಳನ್ನೆಲ್ಲ ಗಂಗವ್ವನ ಕಟ್ಟೆಯ ಮೇಲೆ ಹಾಸಿದ ಗೋಣಿತಟ್ಟಿಗೆ ಸುರಿದರು. ಮೊದಲ ಕೈ ಅಜ್ಜಿಯದು, ಮೊದಲ ಬಕೆಟ್ಟು ನಮ್ಮದು. ಸುತ್ತ ಕುಳಿತು ಆರಿಸುವವರಿಗೆ ಯಾರ ಮನೆಯಲ್ಲಿ ಏನು ಪಲ್ಲೆ, ಯಾರ ರೊಟ್ಟಿ ತಿನ್ನದೆ ಉಳಿದಿದೆ, ಎಲ್ಲ ಗೊತ್ತಾಗುತ್ತಿತ್ತು. ರೊಟ್ಟಿ ಉಳಿದರೆ ಅಲ್ಲಿ ಯಾರಿಗೋ ಹುಷಾರಿಲ್ಲವೆಂದೇ ಲೆಕ್ಕ, ಮಧ್ಯಾಹ್ನ ಯಾರಾದರೂ ಆ ಮನೆಗೆ ಗಂಜಿ ಒಯ್ಯುತ್ತಿದ್ದರು.

ಈಗ ಹಾಡು ಹಾಕಿಕೊಂಡು ಗಾಡಿ ಬರುತ್ತದೆ. ಮನೆಗೆರಡು ಬಕೆಟ್ಟು, ಎರಡಕ್ಕೂ ಮುಚ್ಚಳ. ಓಣಿ ಚೊಕ್ಕಟವಾಗಿದೆ, ಸುಳ್ಳು ಹೇಳಬಾರದು. ಆದರೂ ಹಸಿ ಕಸದಲ್ಲಿ ತೊಟ್ಟು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಮೊನ್ನೆ ಗಾಡಿಯವನು ನಕ್ಕ.

"ಬಿಡ್ರಿ ಅಕ್ಕಾರ, ಗಾಡಿಗೆ ಖಾರ ಹತ್ತೂದಿಲ್ಲ."

ಖರೇ. ಖಾರ ಹತ್ತುವ ಒಂದು ಬಾಯಿ ಇತ್ತೆಂದೇ ನಾವಷ್ಟು ಜನ ಒಂದು ಕಟ್ಟೆಗೆ ಕೂಡುತ್ತಿದ್ದೆವು.