ಗದ್ವಾಲಕ್ಕೆ ಜೀರೋ ಟಿಕೆಟ್

ನನ್ನ ಸಂಶೋಧನೆ ಕಬ್ಬಿಣ ಮತ್ತು ಸೆಲೆನಿಯಮ್ ಸೇರಿದ ಒಂದು ವಸ್ತುವಿನ ಮೇಲೆ. ಅದನ್ನು ಒಂದು ಬಗೆಯ ಹರಳಿನ ಮೇಲೆ, ಕೆಲವೇ ಪರಮಾಣುಗಳಷ್ಟು ದಪ್ಪದ ಒಂದೇ ಪದರವಾಗಿ ಕೂರಿಸಿ ತಣಿಸಿದರೆ, ವಿದ್ಯುತ್ತು ಯಾವ ತಡೆಯೂ ಇಲ್ಲದೆ ಹರಿಯುತ್ತದೆ. ಅದೇ ವಸ್ತುವಿನ ದಪ್ಪ ತುಂಡಿಗಾದರೆ ಇನ್ನೂ ಎಷ್ಟೋ ಹೆಚ್ಚಿನ ಚಳಿ ಬೇಕು. ಕೆಳಗಿನ ಹರಳು ಆ ತೆಳು ಪದರಕ್ಕೆ ಹೇಗೆ ಆಸರೆಯಾಗುತ್ತದೆ ಎಂಬುದು ಇನ್ನೂ ಪೂರ್ತಿ ಗೊತ್ತಾಗಿಲ್ಲ. ಗಾಳಿ ತಾಕಿದರೆ ಕೆಡುತ್ತದೆ ಎಂಬುದು ಮಾತ್ರ ಗೊತ್ತು. ಹೋದ ಬೇಸಿಗೆಯಲ್ಲಿ ನನ್ನ ಪದರದ ಮೇಲೆ ಗಾಳಿ ತಡೆಯಲು ಹಾಕಿದ್ದ ಹೊದಿಕೆ ಎಲ್ಲೋ ಬಿರುಕು ಬಿಟ್ಟಿತ್ತು. ಅಳೆಯುವ ಹೊತ್ತಿಗೆ ಏನೂ ಉಳಿದಿರಲಿಲ್ಲ. ಊರಿಗೆ, ನಾರಾಯಣಪೇಟೆಗೆ ಬಂದೆ.

ಮನೆಯಲ್ಲಿ ಅಜ್ಜಿ ಚೀಲ ಕಟ್ಟಿಕೊಂಡು ಕುಳಿತಿದ್ದಳು. ಗದ್ವಾಲದಲ್ಲಿದ್ದ ಅವಳ ತಂಗಿಗೆ ಮರೆವು ಹೆಚ್ಚಾಗುತ್ತಿತ್ತು. ತನ್ನ ಗುರುತು ಹತ್ತುವಾಗಲೇ ಒಮ್ಮೆ ಹೋಗಿ ಬರಬೇಕು ಎಂಬುದೊಂದೇ ಹಟ. ಅವಳ ಜೊತೆ ನಾನೂ ಹೊರಟೆ.

ಮಕ್ತಲ್‌ನಲ್ಲಿ ಬಸ್ಸು ಬದಲಿಸಿ ಕುಳಿತ ಮೇಲೆ ಕೇಳಿದಳು, "ನೀ ಮಾಡೂ ಕೆಲಸ ಎಂಥಾದ್ದವ್ವ?"

"ಸೂಪರ್ ಕಂಡಕ್ಟರ್ ಅಂತಾರಜ್ಜೀ. ಕರೆಂಟಿಗೆ ಅಲ್ಲಿ ತಡೆ ಜೀರೋ."

"ಕಂಡಕ್ಟರಾ? ಹಂಗನ್ನು ಮತ್ತ! ಜೀರೋ ಟಿಕೆಟ್ ಕೊಡಾಕ ಇಷ್ಟು ವರ್ಷ ಓದಬೇಕಾತೇನು?"

ನಮ್ಮಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ. ಅವರಿಗೆ ಕೊಡುವ ಚೀಟಿಗೆ ಎಲ್ಲರೂ ಜೀರೋ ಟಿಕೆಟ್ ಎನ್ನುತ್ತಾರೆ. ನಾನು ತಿದ್ದುವಷ್ಟರಲ್ಲಿ ಕಂಡಕ್ಟರೇ ಬಂದಳು. ಅಜ್ಜಿ ಆಧಾರ್ ಕಾರ್ಡು ಚಾಚಿದಳು.

"ನಮ್ಮ ಮೊಮ್ಮಗಳೂ ಕಂಡಕ್ಟರ್ ಅದಾಳವ್ವ. ಸೂಪರ್ ಅಂತ. ನಿನಗಿಂತ ದೊಡ್ಡಾಕಿ."

ಆಕೆ ನಗುತ್ತ ನನ್ನತ್ತ ತಿರುಗಿ, ನನ್ನದು ಯಾವ ಡಿಪೋ ಎಂದು ತೆಲುಗಿನಲ್ಲಿ ಕೇಳಿದಳು. "ಅಟ್ಲನಾ? ಏ ಡಿಪೋ ಅಕ್ಕಾ ಮೀದಿ?"

"ಹೈದರಾಬಾದ್," ಎಂದೆ. ನನ್ನ ಪ್ರಯೋಗಾಲಯ ಇರುವುದು ಅಲ್ಲೇ.

ಅಜ್ಜಿ ಸೆರಗು ಸರಿಮಾಡಿಕೊಂಡು ಹೆಮ್ಮೆಯಿಂದ ಕಿಟಕಿಯಾಚೆ ನೋಡತೊಡಗಿದಳು. ಬಸ್ಸು ಕೃಷ್ಣೆಯನ್ನು ದಾಟುವಾಗ, ಕೆಟ್ಟುಹೋದ ಪದರದ ಬಗ್ಗೆ ಅವಳಿಗೆ ಹೇಳಬೇಕೆನಿಸಿತು. ಜಾರುತ್ತಿದ್ದ ಅವಳ ಚೀಲವನ್ನು ನನ್ನ ಮಡಿಲಿಗೆ ಎಳೆದುಕೊಂಡೆ.

ಗದ್ವಾಲದ ಮನೆಯಲ್ಲಿ ಅಜ್ಜಿಯ ತಂಗಿ ಮಂಚದ ಮೇಲೆ ಗೋಡೆಗೊರಗಿ ಕುಳಿತಿದ್ದಳು. ಬೆರಳುಗಳು ಸೀರೆಯ ಅಂಚನ್ನು ಸವರುತ್ತಲೇ ಇದ್ದವು. ಅಜ್ಜಿ ಪಕ್ಕದಲ್ಲಿ ಕುಳಿತು ಆ ಕೈಯನ್ನು ಹಿಡಿದುಕೊಂಡಳು.

"ನೋಡಿಲ್ಲೆ. ಯಾರು ಬಂದಾರ ಹೇಳು?"

ತಂಗಿ ತುಂಬಾ ಹೊತ್ತು ನೋಡಿದಳು. ಆಮೇಲೆ ಮುಖ ಅರಳಿತು.

"ಅವ್ವಾ, ಎಷ್ಟೊತ್ತು ಮಾಡಿದಿ? ಕಂಡಿಕಿ ನೂಲೆಲ್ಲಾ ಸುತ್ತಿಟ್ಟೀನಿ. ಆಡಾಕ ಹೋಗ್ಲೇನು?"

ಮಗ್ಗದ ಕಂಡಿಕೆಗಳಿಗೆ ಮಕ್ಕಳಿಂದ ನೂಲು ಸುತ್ತಿಸುತ್ತಿದ್ದ ಅವರವ್ವ ತೀರಿಹೋಗಿ ಎಷ್ಟೋ ಕಾಲವಾಗಿತ್ತು. ನಾನು ನಿನ್ನ ಅಕ್ಕ ಎನ್ನಲು ತೆರೆದ ಅಜ್ಜಿಯ ಬಾಯಿ ಹಾಗೇ ನಿಂತಿತು. ಒಮ್ಮೆ ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿದೆ.

"ಹೋಗವ್ವ," ಎಂದಳು ಅಜ್ಜಿ, ತಂಗಿಯ ಕೂದಲು ಸವರುತ್ತ. "ಕತ್ತಲಾಗೂದ್ರಾಗ ಬಂದ್ಬಿಡು."