ಪೈಲಟ್ ಸೊಸೆಗೆ ಮೂಸಂಬಿ

ನಡೆದದ್ದು ಇಷ್ಟೆ: ನನ್ನ ಸೊಸೆ ವಿಮಾನ ಓಡಿಸುವುದನ್ನು ಕಲಿಯಬೇಕೆಂದು ಆಸ್ಪತ್ರೆಯಲ್ಲಿ ಮೈ ಪರೀಕ್ಷೆ ಮಾಡಿಸಿಕೊಂಡಳು, ನಾವು ಅವಳು ಸಾಯುತ್ತಾಳೆಂದುಕೊಂಡು ಮನೆ ತುಂಬ ಮೂಸಂಬಿ ರಾಶಿ ಹಾಕಿದೆವು. ಅವಳಿಗೆ ತಲೆ ಕೆಟ್ಟಿತು, ಯಾರೋ ಮಾಟ ಮಾಡಿಸಿದರು ಎಂದೆಲ್ಲ ಊರಿನವರು ಹೇಳುತ್ತಾರೆ, ಅದನ್ನು ನಂಬಬೇಡಿ. ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಕಣ್ಣೆದುರು ನಡೆದದ್ದನ್ನು ಇದ್ದ ಹಾಗೆ ಹೇಳಲು ಅಷ್ಟು ಓದು ಸಾಕು.

ಮೂಸಂಬಿ ಎಂದೆನಲ್ಲ, ಆ ಹಣ್ಣಿನ ಹಣೆಬರಹವೇ ವಿಚಿತ್ರ. ನಮ್ಮ ಪಿರಿಯಾಪಟ್ಟಣದ ಕಡೆ ಗಟ್ಟಿಮುಟ್ಟಾಗಿ ಓಡಾಡುವವರ ಮನೆಗೆ ಅದನ್ನು ಯಾರೂ ಒಯ್ಯುವುದಿಲ್ಲ. ಮದುವೆಗೆ ಬಾಳೆಹಣ್ಣು, ಬಸುರಿಗೆ ಮಾವಿನಕಾಯಿ, ಹಾಸಿಗೆ ಹಿಡಿದವರಿಗೆ ಮೂಸಂಬಿ ಮತ್ತು ಒಂದು ಪೌಂಡ್ ಬ್ರೆಡ್ಡು. ಚೀಲ ಮುಂದೆ ಹಿಡಿದರೆ ಹಣ್ಣಿನಂಗಡಿಯವನು ತಕ್ಕಡಿ ಎತ್ತುವ ಮೊದಲೇ ಯಾರಿಗೆ ಉಷಾರಿಲ್ಲ ಎಂದು ಕೇಳುತ್ತಾನೆ. ಮೂಸಂಬಿ ಹಿಡಿದು ಬಂದವರ ಮುಖವೂ ಬೇರೆಯಾಗಿರುತ್ತದೆ. ಹತ್ತು ವರ್ಷ ಮಾತು ಬಿಟ್ಟವರು ಕೂಡ ಅಂದು ಮೆತ್ತಗೆ ಕುಳಿತು, ಮೆತ್ತಗೆ ಮಾತಾಡಿ, ಮೆತ್ತಗೆ ಎದ್ದು ಹೋಗುತ್ತಾರೆ.

ಸೊಸೆ ಶೋಭಾಗೆ ನಲವತ್ತು ದಾಟಿದೆ. ಪಿಯುಸಿಯಲ್ಲಿ ಸೈನ್ಸ್ ಓದಿ, ರಿಸಲ್ಟು ಬಂದ ವರ್ಷವೇ ನನ್ನ ಮಗ ಮಹೇಶನನ್ನು ಕಟ್ಟಿಕೊಂಡು ನಮ್ಮ ಮನೆಗೆ ಬಂದಳು. ಅಂದಿನಿಂದ ಹಸು ಕರೆದದ್ದು, ಟ್ರ್ಯಾಕ್ಟರ್ ಓಡಿಸಿದ್ದು, ಹೊಗೆಸೊಪ್ಪು ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ, ಅದೇ ಸೊಪ್ಪು ಬೇಯಿಸುವ ಗೂಡಿಗೆ, ತುಂಬಿಸಿದ್ದು, ಸೊಪ್ಪು ಬೇಯುವಷ್ಟು ದಿನ ಬೆಂಕಿ ಕಾದದ್ದು, ಎಲ್ಲ ಅವಳೇ. ಊಟ ಮಾಡಿದೆಯಾ ಎಂದು ಅವಳನ್ನು ಯಾರೂ ಕೇಳಿದ್ದಿಲ್ಲ, ನಾನೂ ಕೇಳಿದ್ದಿಲ್ಲ. ನಮ್ಮಲ್ಲಿ ಸೊಸೆಯನ್ನು ಹಾಗೆಲ್ಲ ಕೇಳುವುದಿಲ್ಲ. ಒಲೆ ಅವಳ ಕೈಯಲ್ಲೇ ಇರುವಾಗ ಕೇಳುವುದೇನು ಎಂಬ ಲೆಕ್ಕ.

ಹೀಗಿರುವಾಗ ಹ್ಯಾಂಡ್‌ಪೋಸ್ಟ್ ಊರಿನಲ್ಲಿರುವ ನನ್ನ ತಂಗಿಯ ಮಗಳು ರತ್ನಿ, ಕಣ್ಣು ತೋರಿಸಲೆಂದು ಮೈಸೂರಿಗೆ ಹೋದವಳು, ದೊಡ್ಡ ಆಸ್ಪತ್ರೆಯಲ್ಲಿ ಶೋಭಾಳನ್ನು ಕಂಡಳು. ಅಲ್ಲಿಂದಲೇ ಫೋನು ಮಾಡಿದಳು.

"ದೊಡ್ಡವ್ವ, ಶೋಭಕ್ಕನ ಎದೆಗೆ ವೈರು ಅಂಟ್ಸಿ ಮಲಗ್ಸವ್ರೆ. ಕಣ್ಣು, ಕಿವಿ, ರಕ್ತ, ಒಂದನ್ನೂ ಬುಟ್ಟಿಲ್ಲ. ನಂಗೆ ಕೈಕಾಲೇ ಆಡ್ತಿಲ್ಲ ಕಣವ್ವ."

ಶೋಭಾ ನಮಗೆ ಹೇಳಿ ಹೋಗಿದ್ದು ತವರಿಗೆಂದು. ಸಂಜೆ ಬಂದವಳನ್ನು, "ಡಾಕ್ಟ್ರು ಏನಂದ್ರಮ್ಮಿ?" ಎಂದು ನೇರವಾಗಿ ಕೇಳಿದೆ. ಅವಳು ಒಂದು ಗಳಿಗೆ ನನ್ನ ಮುಖವನ್ನೇ ನೋಡಿ, "ರಿಪೋರ್ಟು ಬರ್ಬೇಕು ಅತ್ತೆ" ಎಂದು ಒಳಕ್ಕೆ ಹೋದಳು. ಅದು ಸುಳ್ಳಲ್ಲ. ನಿಜವನ್ನೂ ಪೂರ್ತಿ ಹೇಳಲಿಲ್ಲ.

ಆಮೇಲೆ ಮನೆ ಬದಲಾದ ರೀತಿಯನ್ನು ನೀವು ನೋಡಬೇಕಿತ್ತು. ಮಹೇಶ ಉಂಡ ತಟ್ಟೆಯನ್ನು ತಾನೇ ತೊಳೆದ. ಹಸು ಕರೆಯಲು ಪಕ್ಕದ ಮನೆಯ ಹೆಂಗಸನ್ನು ಗೊತ್ತು ಮಾಡಿದ. ಸೊಪ್ಪು ಕಟ್ಟುವ ಕಡೆ ಅವಳನ್ನು ಸುಳಿಯಲು ಬಿಡಲಿಲ್ಲ. ಅವಳು ಮಾಳಿಗೆಯ ಮೇಲೆ ಕುಳಿತು ದಪ್ಪನೆಯ ಪುಸ್ತಕ ಓದುತ್ತಿದ್ದಳು. ಇಣುಕಿ ನೋಡಿದರೆ ಪುಟಪುಟಕ್ಕೂ ಮೋಡದ ಚಿತ್ರ. ನನಗೆ ಇಂಗ್ಲಿಷ್ ಬಾರದು. ಪಾಪದ್ದು, ಸ್ವರ್ಗದ ವಿಚಾರ ತಿಳಿದುಕೊಳ್ಳುತ್ತಿದೆ ಎಂದುಕೊಂಡು ಮೆಟ್ಟಿಲಿಳಿದು ಬಂದು ಕಣ್ಣೊರೆಸಿಕೊಂಡೆ. ನಾನು ಹಾಗೆಲ್ಲ ಅಳುವವಳಲ್ಲ. ಹಾಸ್ಟೆಲಿನಲ್ಲಿ ಓದುವ ಮೊಮ್ಮಗಳು ಫೋನಿನಲ್ಲಿ, "ಅಜ್ಜಿ, ಅಮ್ಮಂಗೆ ಏನೂ ಆಗಿಲ್ಲ, ಸುಮ್ನಿರಿ" ಎಂದರೆ, ಈ ಮಗುವಿಗೂ ವಿಷಯ ಗೊತ್ತಾಗಿ ಮುಚ್ಚಿಡುತ್ತಿದೆಯಲ್ಲ ಎಂದು ಇನ್ನಷ್ಟು ಗಾಬರಿ.

ನೆಂಟರು ಬರತೊಡಗಿದರು. ಹುಣಸೂರಿನಿಂದ, ಕೋಟೆ ಕಡೆಯಿಂದ, ಎಲ್ಲರ ಕೈಯಲ್ಲೂ ಅದೇ ಹಣ್ಣು, ಅದೇ ಬ್ರೆಡ್ಡು. ಕೆ.ಆರ್. ನಗರದಿಂದ ನನ್ನ ತಮ್ಮ ನಂಜುಂಡ ಹೆಂಡತಿ ಸಾಕಮ್ಮನನ್ನು ಕರೆದುಕೊಂಡು ಬಂದು ಜಗಲಿಯಲ್ಲಿ ಕುಳಿತಿದ್ದ ಸಂಜೆಯೇ ಶೋಭಾ ಮೊಬೈಲು ಹಿಡಿದು ಮಾಳಿಗೆಯಿಂದ ಇಳಿದು ಬಂದಳು.

"ಅತ್ತೆ, ರಿಪೋರ್ಟು ಬಂತು. ನಂಗೆ ಯಾವ ಕಾಯ್ಲೇನೂ ಇಲ್ಲ. ಪೈಲಟ್ ಟ್ರೈನಿಂಗಿಗೆ ಮಾಡೋ ಟೆಸ್ಟು ಅದು. ಪಾಸಾಗಿವ್ನಿ. ಸೋಮವಾರ ಓಗಿ ಸೇರ್ಕೋಬೇಕು."

ನಂಜುಂಡ ಕೇಳಿದ: "ಅಲ್ಲ ಕಣವ್ವ, ತಲೇನೂ ಟೆಸ್ಟು ಮಾಡಿದ್ರಾ?"

"ಮಾಡಿದ್ರು ಮಾವ. ಅದೂ ನೆಟ್ಟಗೈತಂತೆ."

ನನಗೆ ಸಿಡಿಲು ಬಡಿದಂತಾದದ್ದು ವಿಮಾನದ ಸುದ್ದಿಯಿಂದ ಎಂದುಕೊಳ್ಳಬೇಡಿ. ವಿಮಾನ ಎಂದರೆ ಏನೋ ಒಂದು ಗಾಡಿ, ಟ್ರ್ಯಾಕ್ಟರ್ ಓಡಿಸಿದವಳು ಅದನ್ನೂ ಓಡಿಸಿಯಾಳು. ನಾನು ಬೆಚ್ಚಿದ್ದು ಆ ಜಗಲಿಯ ಮೇಲಿದ್ದ ಮುಖಗಳನ್ನು ನೋಡಿ. ಇವಳು ಬದುಕುತ್ತಾಳೆ ಎಂದು ತಿಳಿದ ಮೇಲೆ ಒಬ್ಬರ ಮುಖವಾದರೂ ಅರಳಬೇಕಿತ್ತಲ್ಲವೇ? ಸಾಕಮ್ಮ ಮೂಸಂಬಿ ಚೀಲವನ್ನು ಮೆಲ್ಲಗೆ ತನ್ನ ಕಾಲ ಬಳಿಗೆ ಎಳೆದುಕೊಂಡಳು. ಅಷ್ಟು ದಿನ ತಟ್ಟೆ ತೊಳೆದ ನನ್ನ ಮಗ ಎದ್ದು ನಿಂತು ಅರಚಿದ.

"ಈ ವಯಸ್ಸಲ್ಲಿ ವಿಮಾನ ಓಡ್ಸೀಯಾ? ನಿನ್ನ ಯಾವನು ಕೆಲ್ಸಕ್ಕೆ ಕರೆದಾನು?"

"ದೊಡ್ಡ ಕಂಪ್ನಿಯವ್ರು ಕರೀದೇ ಇರ್ಬೋದು. ಸಣ್ಣ ವಿಮಾನ ಓಡುಸ್ತೀನಿ, ಇಲ್ಲ ಕಲಿಯೋರಿಗೆ ಕಲಿಸ್ತೀನಿ. ನಮ್ಮಪ್ಪ ಕೊಟ್ಟ ಪಾಲೈತೆ, ನಿಮ್ಮನ್ನೇನೂ ಕೇಳಕಿಲ್ಲ."

"ಸೊಪ್ಪಿನ ಸೀಸನ್ನು ಕಣೇ ಇದು! ಬ್ಯಾರನ್ ನೋಡೋರ್ಯಾರು? ಹಸ ಕರೆಯೋರ್ಯಾರು?"

ಶೋಭಾ ದನಿ ಏರಿಸಲಿಲ್ಲ. "ನಾನು ಸತ್ತೋಗಿದ್ರೆ ಯಾರು ಕರೀತಿದ್ರಿ?" ಎಂದಳು.

ಹಾಗೆಂದವಳೇ ನನ್ನ ಕಡೆ ತಿರುಗಿ, "ಈ ಮನೇಲಿ ನಿಮ್ಮ ಮಾತು ದಾಟಿ ನಾನು ಒಂದಿನಾನೂ ಓಗಿಲ್ಲ ಅತ್ತೆ. ಬ್ಯಾಡ ಅಂದ್ರೆ ಈಗ್ಲೇ ಅಂದ್ಬುಡಿ, ಬುಟ್ಬುಡ್ತೀನಿ. ಆದ್ರೆ ಇನ್ನೊಂದ್ಸಲ ಕೇಳೋ ವಯಸ್ಸು ನಂಗಿರಕಿಲ್ಲ" ಎಂದಳು.

ಸಿಟ್ಟು ನನಗೂ ಬಂತು. "ಮೊದ್ಲೇ ಯಾಕ್ ಬಾಯ್ಬುಡ್ಲಿಲ್ಲ? ಸಾಯ್ತೀಯ ಅಂದ್ಕೊಂಡು ಕೂತಿದ್ವಲ್ಲೇ!" ಎಂದೆ.

"ವಿಷ್ಯ ಏಳೋಣಾಂತ್ಲೇ ಬಂದೆ ಅತ್ತೆ. ಅವತ್ತು ಇವ್ರು 'ಉಂಡ್ಯಾ' ಅಂದ್ರು. ಇನ್ನೊಂದಿನ ಇರ್ಲಿ ಅನ್ನಿಸ್ತು."

ಹಸು ಹಾಲು ಕಡಿಮೆ ಕೊಟ್ಟರೆ ಮೇವು ತಿಂದಿತೋ ಇಲ್ಲವೋ ಎಂದು ಕೊಟ್ಟಿಗೆಗೆ ಹೋಗಿ ನೋಡುವ ಮನೆ ನಮ್ಮದು. ಅಂಥ ಮನೆಯಲ್ಲಿ ಒಬ್ಬಳು ಹೆಂಗಸು ಒಂದು ಮಾತಿಗಾಗಿ ರೋಗಿಯ ಹಾಗೆ ಕುಳಿತಿದ್ದಳು, ಆ ಮಾತಿನ ರುಚಿ ಹತ್ತಿ ಏಳಲಾರದೆ ಕುಳಿತಿದ್ದಳು. ಸಾಯುವವಳಿಗೆ ರಜೆ ಕೊಟ್ಟವರು ನಾವೇ, ಓದುವವಳಿಗೆ ಕೊಡೆವು ಎನ್ನುವವರೂ ನಾವೇ. ಕಾಯಿಲೆ ಬಿದ್ದರೆ ಯಾರ ಅಪ್ಪಣೆಯೂ ಬೇಕಿಲ್ಲ, ಸೀಸನ್ನು ಗೀಸನ್ನು ಎಂದು ಅದು ಕೇಳುವುದೂ ಇಲ್ಲ. ಆಸೆಗೆ ಮಾತ್ರ ಮನೆಮಂದಿಯೆಲ್ಲ ಕೂತು ತಲೆಯಾಡಿಸಬೇಕು. ನಾವು ಇಲ್ಲಿನವರು ತಲೆಯೆತ್ತಿ ಆಕಾಶ ನೋಡುವುದು ಮಳೆ ಬಂದೀತೇ ಎಂದು ತಿಳಿಯಲು. ಅಲ್ಲಿ ನಮ್ಮವರೊಬ್ಬರಿಗೆ ಕೆಲಸವಿದ್ದೀತು ಎಂದು ಯಾರಿಗೆ ಹೊಳೆದಿತ್ತು? ಅವಳಿಗೆ ಪಿಯುಸಿಯಲ್ಲೇ ಹೊಳೆದಿತ್ತಂತೆ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು ನನಗೆ ಆ ಸುದ್ದಿ ಸಿಕ್ಕಿದ್ದು ಅಂದು.

ಆ ಸಂಜೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ನೆಂಟರನ್ನು ಬಸ್ಸು ಹತ್ತಿಸಿ ಬಂದು ಮಲಗಿದೆ.

ಬೆಳಿಗ್ಗೆ ಕೋಳಿ ಕೂಗುವಾಗ ಎದ್ದು, ಮಗನ ಕಂಬಳಿ ಕಿತ್ತೆಸೆದು, ಅವನನ್ನು ಕೊಟ್ಟಿಗೆಗೆ ಎಬ್ಬಿಸಿಕೊಂಡು ಹೋದೆ. ಡೈರಿಗೆ ಕ್ಯಾನು ಒಯ್ಯುವುದಷ್ಟೇ ಅವನಿಗೆ ಗೊತ್ತಿದ್ದ ಕೆಲಸ. ಹುಟ್ಟಿದಾಗಿನಿಂದ ಒಂದು ಕೆಚ್ಚಲು ಮುಟ್ಟಿದವನಲ್ಲ. ಅವನ ಮಂಡಿಗಳ ನಡುವೆ ಬಕೆಟ್ಟು ಇಟ್ಟು, ಬೆರಳಿಗೆ ಎಣ್ಣೆ ಸವರಿದೆ.

"ಅವ್ವ, ಈ ವಯಸ್ಸಲ್ಲಿ ಇದನ್ನೆಲ್ಲ ಕಲಿಯಕಾಯ್ತದಾ?" ಎಂದ.

"ಆಯ್ತದೆ ಕಣ್ಲಾ. ಮುಚ್ಕೊಂಡು ಇಂಡು" ಎಂದೆ.