ಮುಖ ನೋಡಿ ಬರೆದ ಚೀಟಿ

ಒಡವೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರುವ ಹೆಂಗಸನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಭೂತಗನ್ನಡಿ ಅಕ್ಕ’ ಎಂದೇ. ಹತ್ತೊಂಬತ್ತು ವರ್ಷದಿಂದ ಅವಳದು ಒಂದೇ ಕೆಲಸ: ಬಂದ ಓಪಲ್ ಹರಳು ಎಂಥದೆಂದು ನೋಡಿ ಚೀಟಿ ಬರೆಯುವುದು. ಪೂರಾ ಒಂದೇ ಕಲ್ಲೋ, ಕರಿ ತಳಕ್ಕೆ ತೆಳ್ಳನೆ ಓಪಲ್ ಅಂಟಿಸಿದ್ದೋ, ಅದರ ಮೇಲೆ ಗಾಜಿನ ಟೋಪಿ ಬೇರೆ ಇಟ್ಟಿದ್ದೋ. ಕೆಂಪು, ಹಸಿರು ಮಿಂಚೆಲ್ಲ ಮುಂದಿನಿಂದ ಒಂದೇ ಥರ. ಗುಟ್ಟು ಬಿಟ್ಟುಕೊಡುವುದು ಕಲ್ಲಿನ ಪಕ್ಕ, ಪದರ ಕಾಣುವ ಕಡೆ. “ಮುಖ ನೋಡಿ ಮಣೆ ಹಾಕಬೇಡ್ರೇ,” ಎಂದು ಹೊಸಬರಿಗೆ ಹೇಳುತ್ತಿದ್ದವಳೂ ಅವಳೇ.

ಅಂಥವಳು ಒಮ್ಮೆ ಎಡವಿದಳು. ನಿವೃತ್ತ ನರ್ಸಮ್ಮ ತಂದ ಉಂಗುರದ ಕಲ್ಲಿನ ಸುತ್ತ, ಬೆನ್ನಿಗೆ, ಎಲ್ಲ ಚಿನ್ನ ಮುಚ್ಚಿತ್ತು. “ತೀರಿಹೋದ ಅತ್ತೇದು. ಕಲ್ಲು ಕೀಳಬೇಡಿ, ಅವರು ಹಾಕ್ಕೊಂಡಿದ್ದ ಹಾಗೇ ಇರಲಿ,” ಅಂದರು. ಅಕ್ಕ ಕನಿಕರಪಟ್ಟು, ಮುಖವನ್ನಷ್ಟೇ ನೋಡಿ, ‘ಪೂರಾ ಕಲ್ಲು, ನೀರು ತಾಗಿದರೂ ಚಿಂತೆಯಿಲ್ಲ’ ಎಂದು ಬರೆದುಕೊಟ್ಟಳು.

ಮೂರು ತಿಂಗಳಿಗೆ ನರ್ಸಮ್ಮ ವಾಪಸು ಬಂದರು. ಕಲ್ಲಿಗೆ ಪೊರೆ ಬಂದ ಕಣ್ಣಿನ ಕಳೆ. “ನಿಮ್ಮ ಮಾತು ನಂಬಿ ಪಾತ್ರೆ ತೊಳೆಯುವಾಗಲೂ ಹಾಕ್ಕೊಂಡಿದ್ದೆ.”

ಅಂಗಡಿ ಯಜಮಾನರು ಅಕ್ಕನನ್ನು ಒಳಗೆ ಕರೆದು ಪಿಸುಗುಟ್ಟಿದರು: “ಕೆಲವು ಓಪಲ್ ನೀರು ಕುಡಿಯುತ್ತೆ, ಒಣಗಿದರೆ ಬಣ್ಣ ಬರುತ್ತೆ ಅಂದುಬಿಡಿ. ನಿಮ್ಮ ಹೆಸರೂ ಉಳಿಯುತ್ತೆ, ಅಂಗಡಿಯದೂ.”

ಹಾಗಿದ್ದರೆ ಎಷ್ಟು ಚೆನ್ನಾಗಿತ್ತು! ಉಂಗುರವನ್ನು ಡಬ್ಬಿಯಲ್ಲಿ ಎರಡು ವಾರ ಒಣಗಲು ಇಟ್ಟಳು. ದಿನಾ ಬಂದ ಕೂಡಲೇ ಡಬ್ಬಿ ತೆರೆದಳು. ಪೊರೆ ಹರಿಯಲಿಲ್ಲ. ಕಡೆಗೆ ನರ್ಸಮ್ಮನ ಒಪ್ಪಿಗೆ ಕೇಳಿ, ಅವರೆದುರೇ ಚಿನ್ನದ ಅಂಚು ಎಬ್ಬಿಸಿ ಕಲ್ಲು ತೆಗೆದಳು. ಪಕ್ಕದಲ್ಲಿ ಕೂದಲೆಳೆಯಂಥ ಎರಡು ಗೆರೆ. ಮೂರು ಪದರ. ಅಂಟಿನೊಳಗೆ ನೀರು ಇಳಿದಿತ್ತು. ಇನ್ನು ಅದು ತಿಳಿಯಾಗದು.

“ತಪ್ಪು ನಂದೇ ಅಮ್ಮ. ಕೀಳದೆ ಬರೆಯಬಾರದಿತ್ತು.”

ನರ್ಸಮ್ಮ ಭೂತಗನ್ನಡಿ ಇಸಿದುಕೊಂಡು ತುಂಬ ಹೊತ್ತು ನೋಡಿದರು. “ನಮ್ಮತ್ತೆನೂ ಹೀಗೇ. ಮೇಲೊಂದು, ಒಳಗೊಂದು,” ಎಂದು ನಕ್ಕರು. ಮರುಗಳಿಗೆ ನಗು ಆರಿತು. “ಆದ್ರೂ ನಿಮ್ಮನ್ನ ನಂಬಿದ್ದೆ ಕಣ್ರೀ.” ಉಂಗುರವನ್ನೂ ಕಲ್ಲನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿಸಿಕೊಂಡು ಹೊರಟರು.

“ಇನ್ನು ನಿಮ್ಮ ಚೀಟಿ ಯಾರು ನಂಬ್ತಾರೆ?” ಯಜಮಾನರು ಸಿಡುಕಿದರು.

ಅಕ್ಕ ಹಳೆಯ ಚೀಟಿಗಳ ಕಟ್ಟು ಬಿಚ್ಚುತ್ತಿದ್ದಳು. “ಬೆನ್ನು ಮುಚ್ಚಿದ ಇನ್ನೆರಡು ಉಂಗುರಕ್ಕೂ ಹೀಗೇ ಬರೆದಿದ್ದೀನಿ ಸಾರ್. ಆ ಮನೆಯವರಿಗೆ ಫೋನ್ ಮಾಡ್ಬೇಕು, ನೀರಿಗೆ ತಾಗಿಸೋ ಮುಂಚೆ.”